ಗೋದಲಿಯ ಪಕ್ಕದಲ್ಲಿ ರಾಗಿ ಪೈರು: ಆಗಮನ ಕಾಲದಿಂದ ಎಪಿಫನಿಯವರೆಗೆ ಮನೆಯಲ್ಲಿ ಧ್ಯಾನ ನಡೆಸುವ ಬಗೆ

ಡಿಸೆಂಬರ್ ಕಾಲಿಡುತ್ತಲೇ ಬ್ರಿಗೇಡ್ ರಸ್ತೆಯ ಅಂಗಡಿಗಳಲ್ಲಿ ಕ್ರಿಸ್‌ಮಸ್ ಹಾಡುಗಳು ಕೇಳತೊಡಗುತ್ತವೆ. 26ರ ಬೆಳಿಗ್ಗೆ ಅದೇ ಬೆಂಗಳೂರು ಹೊಸ ವರ್ಷದ ಕಡೆಗೆ ಹೊರಳಿರುತ್ತದೆ. ಕ್ರೈಸ್ತ ಸಭೆಯ ಪಂಚಾಂಗದ ನಡೆ ಬೇರೆ. ಆಗಮನ ಕಾಲವೆನ್ನುವ, ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳು ಕಾಯುವುದಕ್ಕೆ, 25ರಿಂದ ಹನ್ನೆರಡು ದಿನಗಳು ಸಂಭ್ರಮಕ್ಕೆ, ಜನವರಿ 6ರ ಎಪಿಫನಿ ಹಬ್ಬವು ಕ್ರಿಸ್ತನು ಯೆಹೂದ್ಯರಲ್ಲದ ಅನ್ಯಜನರಿಗೂ ಪ್ರಕಟವಾದದ್ದನ್ನು ಸ್ಮರಿಸುವುದಕ್ಕೆ. ಈ ಮೂರನ್ನೂ ಒಂದರೊಳಗೊಂದು ಬೆರೆಸದೆ, ಅದರದರ ಹೊತ್ತಿನಲ್ಲಿ ಮನೆಯಲ್ಲಿ ನಡೆಸುವುದು ಹೇಗೆಂದು ಇಲ್ಲಿ ವಿವರಿಸಿದ್ದೇನೆ.

ಮೊದಲು ದಿನ ಗೊತ್ತುಮಾಡಿಕೊಳ್ಳಿ. ಆಗಮನ ಕಾಲದ ಮೊದಲ ಭಾನುವಾರವು ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬೀಳುವುದರಿಂದ, ಈ ಕಾಲವು ಒಂದು ವರ್ಷ 22 ದಿನ, ಇನ್ನೊಂದು ವರ್ಷ 28 ದಿನದವರೆಗೂ ಇರಬಹುದು. ಆ ಭಾನುವಾರಕ್ಕೆ ಹಸಿರು ಟೊಂಗೆಗಳ ಬಳೆಯೊಂದನ್ನು ಕಟ್ಟಿ, ಭಾನುವಾರಕ್ಕೊಂದರಂತೆ ಹಚ್ಚಲು ನಾಲ್ಕು ಮೇಣದ ಬತ್ತಿಗಳನ್ನು ನಿಲ್ಲಿಸಿ. ವಾಡಿಕೆಯಂತೆ ಮೂರು ನೇರಳೆ ಬಣ್ಣದವು, ಮೂರನೆಯ ಭಾನುವಾರದ್ದು ಗುಲಾಬಿ. ಬಣ್ಣದ ಬತ್ತಿ ಸಿಗದಿದ್ದರೆ ಬಿಳಿಯವೇ ಸಾಕು. ಸರ್ವೆ ಮರದ ಟೊಂಗೆಗಳು ಬಳೆಗೆ ಚೆನ್ನಾಗಿ ಒಗ್ಗುತ್ತವೆ. ಇದರ ಮೂಲ ದೂರದ್ದು: 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್ರಿಕ್ ವಿಕೆರ್ನ್ ಎಂಬ ಬೋಧಕರು ತಮ್ಮ ಆಶ್ರಯದಲ್ಲಿದ್ದ ಬಡ ಮಕ್ಕಳಿಗೆ ದಿನ ಎಣಿಸಲು ಬಂಡಿಯ ಚಕ್ರದ ಮೇಲೆ ಬತ್ತಿಗಳನ್ನು ಇರಿಸಿದರು. ಅಲ್ಲಿ ಡಿಸೆಂಬರ್‌ನಲ್ಲಿ ಕತ್ತಲೆ ತಾನಾಗಿಯೇ ಗಾಢವಾಗಿರುತ್ತದೆ. ನಮ್ಮಲ್ಲಿ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗಿಂತ ಹೆಚ್ಚೇ. ಆದ್ದರಿಂದ ಬತ್ತಿ ಹಚ್ಚುವ ಮುನ್ನ ಮನೆಯ ಎಲ್ಲ ದೀಪಗಳನ್ನೂ ಟಿವಿಯನ್ನೂ ಆರಿಸಿ, ಎರಡು ನಿಮಿಷ ಕತ್ತಲಲ್ಲಿ ಸುಮ್ಮನೆ ಕುಳಿತುಕೊಳ್ಳಿ. ಈ ಎರಡು ನಿಮಿಷಗಳನ್ನು ಎಂದೂ ಬಿಡಬೇಡಿ ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ಬೆಳಕನ್ನು ಕುರಿತು ಪ್ರವಾದಿ ಯೆಶಾಯನು ನುಡಿದದ್ದು ಕತ್ತಲಲ್ಲಿ ನಡೆಯುತ್ತಿದ್ದ ಜನರಿಗೆ.

ಓದುವುದಕ್ಕೆ ಲೂಕನ ಸುವಾರ್ತೆಯ ಮೊದಲ ಅಧ್ಯಾಯವೊಂದೇ ಸಾಕು. ಅದರಲ್ಲಿ 80 ವಚನಗಳಿವೆ; ದಿನಕ್ಕೆ ಮೂರೋ ನಾಲ್ಕೋ ವಚನಗಳಂತೆ ಓದಿದರೆ ಕ್ರಿಸ್‌ಮಸ್ ಹೊತ್ತಿಗೆ ಮುಗಿಯುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುವ ನಮ್ಮ ಮಕ್ಕಳು ಕನ್ನಡ ಬೈಬಲನ್ನು ತಡವರಿಸಿಕೊಂಡು ಓದುತ್ತಾರೆ. ಅವಸರಪಡಿಸದೆ ಅವರಿಂದಲೇ ಗಟ್ಟಿಯಾಗಿ ಓದಿಸಿ, ಏಕೆಂದರೆ ಆ ನಿಧಾನವೇ ಇಲ್ಲಿ ನಮಗೆ ಬೇಕಾದದ್ದು. ಬಳಿಕ ಒಂದೇ ಒಂದು ಪ್ರಶ್ನೆಯನ್ನು ಇಟ್ಟುಕೊಳ್ಳಿ. ಜಕರೀಯನ ಭಾಗ ಬಂದ ದಿನ, ದೂತನ ಮಾತನ್ನು ನಂಬದೆ ಮೂಕನಾದ ಆ ಯಾಜಕನಿಗೆ ಮೌನವು ಶಿಕ್ಷೆಯಷ್ಟೇ ಆಗಿತ್ತೋ ಅಥವಾ ಕೇಳಿಸಿಕೊಳ್ಳುವ ಅವಕಾಶವೂ ಆಗಿತ್ತೋ ಎಂದು ಕೇಳಿ. ಯೇಸುವಿನ ತಾಯಿ ಮರಿಯಳ ಭಾಗ ಬಂದಾಗ, ಒಪ್ಪಿಕೊಳ್ಳುವ ಮೊದಲು ಅವಳೂ ಒಂದು ಪ್ರಶ್ನೆ ಕೇಳಿದ್ದನ್ನು ಮಕ್ಕಳಿಗೆ ತೋರಿಸಿ. ಪ್ರಶ್ನಿಸುವುದು ಅವಿಶ್ವಾಸವಲ್ಲವೆಂದು ಅವರಿಗೆ ಬಾಲ್ಯದಲ್ಲೇ ತಿಳಿಯುವುದು ಒಳ್ಳೆಯದು. ಉತ್ತರ ಹೊಳೆಯದಿದ್ದರೆ ಹಾಗೆಯೇ ಬಿಟ್ಟು ಪ್ರಾರ್ಥನೆ ಮಾಡಿ ಏಳಿ.

ಡಿಸೆಂಬರ್ 14ರ ಸುಮಾರಿಗೆ ರಾಗಿ ಬಿತ್ತಿ. ಒಂದು ಹಿಡಿ ಬಿತ್ತನೆ ರಾಗಿಯನ್ನು ರಾತ್ರಿ ನೆನೆಸಿಟ್ಟು, ತಳದಲ್ಲಿ ತೂತುಗಳಿರುವ ತಟ್ಟೆಯಲ್ಲಿ ಎರಡು ಬೆರಳಷ್ಟು ಮಣ್ಣು ಹರಡಿ, ಮೇಲೆ ತೆಳುವಾಗಿ ಚೆಲ್ಲಿ, ನೀರು ಚಿಮುಕಿಸಿ. ಹಬ್ಬದ ಹೊತ್ತಿಗೆ ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ, ಸುತ್ತ ಇಡಲು ಎಳೆ ಪೈರು ಸಿದ್ಧವಾಗಿರುತ್ತದೆ. ಪ್ರತಿ ಸಂಜೆ ನೀರು ಹಾಕುವ ಕೆಲಸ ಮನೆಯ ಅತಿ ಚಿಕ್ಕವರದಾಗಿರಲಿ. ಒಂದು ವರ್ಷ ಮನೆಯಲ್ಲಿ ಕಾಯಿಲೆಯಿದ್ದ ಕಾರಣ ನಾನು 20ನೆಯ ತಾರೀಖಿಗೆ ಬಿತ್ತಿದೆ; 25ರಂದು ಗೋದಲಿಯ ಸುತ್ತ ಬರೀ ಮಣ್ಣು ಮತ್ತು ಸೂಜಿಮೊನೆಯಷ್ಟು ಮೊಳಕೆ. ಎಪಿಫನಿಯ ಹೊತ್ತಿಗೆ ಆ ತಟ್ಟೆ ಹಸಿರಾಯಿತು. ದೇವರ ಸಮಯವು ನಮ್ಮ ತಾರೀಖುಪಟ್ಟಿಗೆ ಕಟ್ಟುಬಿದ್ದದ್ದಲ್ಲ ಎಂಬ ಬೋಧನೆಯನ್ನು ಎಷ್ಟೋ ಸಲ ಕೇಳಿದ್ದೆನಾದರೂ, ಅದು ನನ್ನ ಮನಸ್ಸಿಗೆ ಇಳಿದದ್ದು ಆ ವರ್ಷ.

ಗೋದಲಿಯನ್ನು ಮುಂಚೆಯೇ ಕಟ್ಟಿದರೂ ಬಾಲಯೇಸುವಿನ ಮೂರ್ತಿಯನ್ನು 24ರ ರಾತ್ರಿಯವರೆಗೆ ಇಡಬೇಡಿ. ಖಾಲಿ ಗೋದಲಿಯನ್ನು ದಿನವೂ ನೋಡುವುದೂ ಧ್ಯಾನವೇ. ನಕ್ಷತ್ರ ಕಂಡು ಮಗುವನ್ನು ಹುಡುಕಿ ಪೂರ್ವದಿಂದ ಬಂದ ಜೋಯಿಸರ ಮೂರ್ತಿಗಳನ್ನು ಅಲ್ಲಿಂದ ದೂರ, ಮನೆಯ ಪೂರ್ವ ದಿಕ್ಕಿನ ಕಿಟಕಿಯ ಬಳಿ ನಿಲ್ಲಿಸಿ. ಆ ರಾತ್ರಿ ದೇವಾಲಯದಿಂದ ಬಂದ ಮೇಲೆ ಲೂಕ 2ರ ಮೊದಲ 20 ವಚನಗಳನ್ನು ಓದಿ ಮಗುವನ್ನು ಮಲಗಿಸಿ. ಮನೆಯ ಧ್ಯಾನವು ಸಭೆಯ ಆರಾಧನೆಗೆ ಬದಲಿಯಲ್ಲ. ಹಡ್ಸನ್ ಸ್ಮಾರಕ ದೇವಾಲಯದಲ್ಲಾಗಲಿ, ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲಾಗಲಿ ಕನ್ನಡದಲ್ಲಿ ಆರಾಧಿಸುವ ಅವಕಾಶ ನಮಗಿದೆ.

ಬಹುಪಾಲು ಮನೆಗಳಲ್ಲಿ ಧ್ಯಾನ ನಿಲ್ಲುವುದು ಇಲ್ಲಿಯೇ. ದಯವಿಟ್ಟು ನಿಲ್ಲಿಸಬೇಡಿ. 26 ನಂಬಿಕೆಗಾಗಿ ಪ್ರಾಣ ಕೊಟ್ಟ ಮೊದಲ ಹತಸಾಕ್ಷಿ ಸ್ತೆಫನನ ದಿನ. ಕಜ್ಜಾಯ, ಕರ್ಜಿಕಾಯಿಗಳನ್ನು ನೆರೆಮನೆಗಳಿಗೆ ಹಂಚಿದಂತೆ, ಹಬ್ಬದ ದಿನವೂ ರಜೆಯಿಲ್ಲದೆ ದುಡಿದ ಕಾವಲುಗಾರರಿಗೂ ಪೌರಕಾರ್ಮಿಕರಿಗೂ ಅಂದು ಕೊಡಿ. 28ರಂದು ಅರಸ ಹೆರೋದನು ಕೊಲ್ಲಿಸಿದ ಬೆತ್ಲೆಹೇಮಿನ ಮಕ್ಕಳ ಸ್ಮರಣೆ. ಮತ್ತಾಯ 2:16-18 ಓದುವುದು ಹಬ್ಬದ ನಡುವೆ ಕಷ್ಟವೆನಿಸುತ್ತದೆ, ಆದರೂ ಓದಿ. ಮಗುವನ್ನು ಕಳೆದುಕೊಂಡ ಕುಟುಂಬ ನಿಮ್ಮ ಸಭೆಯಲ್ಲಿದ್ದರೆ ಅಂದು ಅವರ ಮನೆಗೆ ಹೋಗಿ ಬನ್ನಿ. ಈ ದಿನಗಳಲ್ಲೆಲ್ಲ ಜೋಯಿಸರನ್ನು ಪ್ರತಿದಿನ ಸ್ವಲ್ಪಸ್ವಲ್ಪವೇ ಗೋದಲಿಯ ಕಡೆಗೆ ಸರಿಸುತ್ತಿರಿ.

ಜನವರಿ 6ರಂದು, ಅಥವಾ ನಿಮ್ಮ ಸಭೆ ಈ ಹಬ್ಬವನ್ನು ಭಾನುವಾರ ಆಚರಿಸುವುದಾದರೆ ಅಂದು, ಮತ್ತಾಯ 2:1-12 ಓದಿ. ಜೋಯಿಸರು ಮೂವರೆಂದು ಸುವಾರ್ತೆ ಹೇಳುವುದಿಲ್ಲ. ಅದು ಹೆಸರಿಸುವ ಕಾಣಿಕೆಗಳಷ್ಟೇ ಮೂರು. ಚಿನ್ನ ಮತ್ತು ಧೂಪದ ಜೊತೆಗಿದ್ದ ರಕ್ತಬೋಳವೆಂಬ ಸುಗಂಧದ ಅಂಟನ್ನು ಕುರಿತು ಹೆಚ್ಚು ಹೊತ್ತು ಮಾತಾಡಿ: ಯೋಹಾನ 19:39ರಲ್ಲಿ ನಿಕೊದೇಮನು ಯೇಸುವಿನ ಶವಸಂಸ್ಕಾರಕ್ಕೆ ತಂದದ್ದರಲ್ಲೂ ರಕ್ತಬೋಳವಿತ್ತು. ತೊಟ್ಟಿಲ ಮಗುವಿಗೆ ಇಂಥ ಕಾಣಿಕೆ ಏಕೆ ಎಂಬುದೇ ಅಂದಿನ ಪ್ರಶ್ನೆಯಾಗಿರಲಿ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ ಬಂದಾಗ ಅದನ್ನೇ ಮತ್ತೆ ಎತ್ತಿಕೊಳ್ಳಬಹುದು.

ಹಬ್ಬಕ್ಕೆಂದು ಮನೆಗೆ ತೂಗುಹಾಕಿದ ನಕ್ಷತ್ರವನ್ನು ಅಂದೇ ಇಳಿಸಿ. ರಾಗಿ ಪೈರಿಗೆ ಆಗ 23 ದಿನ ತುಂಬಿರುತ್ತದೆ, ರೈತರು ನಾಟಿ ಮಾಡುವುದೂ ಹೆಚ್ಚುಕಡಿಮೆ ಈ ವಯಸ್ಸಿನ ಪೈರನ್ನೇ. ಗಟ್ಟಿಮುಟ್ಟಾಗಿ ಕಾಣುವ ಎರಡು ಪೈರುಗಳನ್ನು ಬೇರು ಹರಿಯದಂತೆ ಬಿಡಿಸಿ, ಬಿಸಿಲು ಬೀಳುವ ಜಾಗದಲ್ಲಿ ಕುಂಡದೊಳಗೆ ನೆಟ್ಟು, ಇಷ್ಟು ದಿನ ನೀರು ಹಾಕಿದ ಮಗುವಿಗೇ ಅದನ್ನು ಒಪ್ಪಿಸಿ.