ಎಸಿ ಇಲ್ಲದ ಕೋಣೆಯಲ್ಲಿ ಉಲ್ವಾದ ಗ್ಯಾಮೀಟ್ ಬಿಡಿಸಿದ್ದು

"ನಮ್ಮ ಊರಿನ ಸೆಕೆಗೆ ಅದೆಲ್ಲ ಆಗ್ಲಿಕ್ಕಿಲ್ಲ ಮಾರಾಯ್ರೆ, ಪರ್ಮನೆಂಟ್ ಸ್ಲೈಡ್ ತೋರಿಸಿ ಮುಗಿಸಿ." ಬಾಟನಿ ಪಾಠ ಮಾಡುವ ಎಷ್ಟೋ ಜನ ನನಗೆ ಹೀಗೆ ಹೇಳಿದ್ದಾರೆ. ಈಗ ಉಡುಪಿಯ ನನ್ನ ಮನೆಯ ಹಿಂದಿನ ಕೋಣೆಯಲ್ಲಿ, ಬರೀ ಫ್ಯಾನ್ ಇಟ್ಟುಕೊಂಡು, ಪ್ರಾಕ್ಟಿಕಲ್ ಯಾವತ್ತು ಇದೆಯೋ ಆ ದಿನಕ್ಕೆ ಸರಿಯಾಗಿ ಕಡಲ ಹಸಿರು ಪಾಚಿ ಉಲ್ವಾದ ಗ್ಯಾಮೀಟ್ (ಸಂತಾನೋತ್ಪತ್ತಿಗೆ ಜೋಡಿಯಾಗುವ ಕೋಶ) ಬಿಡಿಸುತ್ತಿದ್ದೇನೆ. ಪರ್ಮನೆಂಟ್ ಸ್ಲೈಡಿನ ಹಾಗೆ ಗಾಜಿಗೆ ಅಂಟಿಸಿಟ್ಟ ಸತ್ತ ಮಾದರಿಯಲ್ಲ, ಜೀವಂತ ಗ್ಯಾಮೀಟ್, ಮಕ್ಕಳ ಕಣ್ಣೆದುರೇ ಜೋಡಿಯಾಗುತ್ತವೆ. ಹಾಗಾಗಿ ಬರೆದಿಡುತ್ತಿದ್ದೇನೆ.

ಪಾಚಿ ತರುವುದು ಕಾಪು ಲೈಟ್‌ಹೌಸಿನ ಬಂಡೆಯಿಂದ. ಚೌತಿ ಕಳೆದು ಕಡಲು ಸುಮ್ಮನಾದ ಮೇಲೆ ಬಂಡೆ ಹಸಿರಾಗುತ್ತದೆ, ಡಿಸೆಂಬರ್-ಜನವರಿಯಲ್ಲಿ ಒಳ್ಳೆ ಎಲೆ ಸಿಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಇಳಿತ ನೋಡಿಕೊಂಡು ಹೋಗಬೇಕು ಅಂತ ನಿಮಗೆ ಗೊತ್ತೇ ಇದೆ.

ಮೊದಲು ಎಲ್ಲರೂ ಮಾಡುವ ಹಾಗೆ ಒಣಗಿಸುವ ಕ್ರಮ ಹಿಡಿದೆ. ಎಲೆಯನ್ನು ಒದ್ದೆ ಬೈರಾಸಿನಲ್ಲಿ ಸುತ್ತಿ ರಾತ್ರಿ ಫ್ರಿಡ್ಜಿನ ಕೆಳಗಿನ ತಟ್ಟೆಯಲ್ಲಿ ಇಡುವುದು, ಬೆಳಿಗ್ಗೆ ಕಡಲ ನೀರಿಗೆ ಹಾಕಿ ಬೆಳಕಿಗೆ ಇಡುವುದು. ಎಲೆಯ ಅಂಚಿನಲ್ಲಿ ಗ್ಯಾಮೀಟ್ ಮೊದಲೇ ಮಾಗಿದ್ದರೆ ಮಾತ್ರ ಇದು ಆಗುತ್ತದೆ. ಅಂಥ ಎಲೆಯೋ, ಬಸ್ಸಿನಲ್ಲಿ ಮನೆ ಮುಟ್ಟುವಷ್ಟರಲ್ಲಿ ಎಲ್ಲವನ್ನೂ ಚೀಲದಲ್ಲೇ ಬಿಟ್ಟು ನೀರು ಹಸಿರು ಮಾಡಿರುತ್ತದೆ, ಅಂಚು ಬೆಳ್ಳಗೆ ಖಾಲಿ. ಮಾಗದ ಎಲೆ ಎಷ್ಟು ಕಾದರೂ ಏನೂ ಕೊಡುವುದಿಲ್ಲ. ಎರಡು ಸೀಸನ್ ಹೀಗೇ ಹೋಯಿತು.

ನೀರಿನಲ್ಲೂ ದುಡ್ಡು ಹೋಯಿತು. ಅಕ್ವೇರಿಯಂ ಅಂಗಡಿಯ ಉಪ್ಪಿನ ಚೀಲಕ್ಕೆ ಸಾವಿರದ ಐನೂರರ ಹತ್ತಿರ ಕೊಟ್ಟೆ. ಆ ನೀರಿನಲ್ಲಿ ಎಲೆ ಬದುಕಿತು, ಆದರೆ ಬಿಡುಗಡೆ ಮಾತ್ರ ಆಗಲಿಲ್ಲ. ಬಂದರಿನ ಹತ್ತಿರದ ನೀರಿನಲ್ಲಿ ಡೀಸೆಲ್ ವಾಸನೆ. ಹೊಳೆಬಾಯಿಯ ನೀರು ಸಪ್ಪೆ. ಕೊನೆಗೆ ಬಂಡೆಯ ಹೊರಬದಿಯ ನೀರನ್ನೇ ಕ್ಯಾನಿನಲ್ಲಿ ತಂದು, ದಪ್ಪ ಬಟ್ಟೆಯಲ್ಲಿ ಸೋಸಿ, ಬಿಸಿ ಮಾಡಿ ಆರಿಸಿ ಬಳಸಿದೆ. ಬಿಸಿ ಮಾಡದಿದ್ದರೆ ಸಿಲಿಯೇಟುಗಳು (ನೀರಿನಲ್ಲಿ ಈಜುವ ಏಕಕೋಶ ಜೀವಿಗಳು) ಗ್ಯಾಮೀಟನ್ನೆಲ್ಲ ತಿಂದು ಮುಗಿಸುತ್ತವೆ. ಆದರೆ ಕುದಿಸಬೇಡಿ, ತಳದಲ್ಲಿ ಬಿಳಿ ಪುಡಿ ಕೂರುತ್ತದೆ.

ದಾರಿ ತೋರಿಸಿದ್ದು 1996ರಲ್ಲಿ ಉಲ್ವಾ ಮ್ಯೂಟಬಿಲಿಸ್ ಎಂಬ ಜಾತಿಯ ಮೇಲೆ ಪ್ರಕಟವಾದ ಕೆಲಸ. ಗ್ಯಾಮೀಟ್ ಆಗದಂತೆ ತಡೆಯುವ ವಸ್ತುವನ್ನು ಎಲೆಯೇ ತಯಾರಿಸುತ್ತದೆ. ಕತ್ತರಿಸಿ ತೊಳೆದರೆ ತಡೆ ಹೋಗುತ್ತದೆ. ಅದು ಬೇರೆ ಜಾತಿ, ಚಳಿ ಕೋಣೆ, ಲ್ಯಾಬಿನಲ್ಲಿ ಬೆಳೆಸಿದ ಪಾಚಿ. ನಮ್ಮ ಕಾಪುವಿನ ಪಾಚಿಗೂ ನಡೆಯುತ್ತದೆ ಅಂತ ನನ್ನ ಮನಸ್ಸು ಹೇಳುತ್ತಿತ್ತು, ನಡೆಯಿತು.

ಮೆತ್ತನೆಯ ಟೂತ್‌ಬ್ರಷ್ಷಿನಲ್ಲಿ ಉಜ್ಜಿ, ಎಲೆಗೆ ಅಂಟಿದ ಸೂಕ್ಷ್ಮ ಪಾಚಿ ಡಯಾಟಮ್ ತೆಗೆಯಿರಿ. ಕಾಗದಕ್ಕೆ ತೂತು ಹಾಕುವ ಪಂಚ್‌ನಲ್ಲಿ ಎಲೆಯ ನಡುಭಾಗವನ್ನು ಚುಕ್ಕೆ ಚುಕ್ಕೆ ಕತ್ತರಿಸಿ. ಏಳೆಂಟು ಸಲ ನೀರು ಬದಲಿಸಿ ತೊಳೆಯಿರಿ, ಜಿಪುಣತನ ಬೇಡ. ಒಂದು ಡಿಶ್‌ಗೆ ಇಪ್ಪತ್ತು ಚುಕ್ಕೆಗಿಂತ ಜಾಸ್ತಿ ಬೇಡ. ಸೆಕೆಗೆ ನಾನು ಮಾಡಿದ್ದು ಇಷ್ಟೇ: ಅಗಲದ ಮಣ್ಣಿನ ಪಾತ್ರೆಯಲ್ಲಿ ಒದ್ದೆ ಹೊಯಿಗೆ, ಅದರ ಮೇಲೆ ಡಿಶ್, ಎದುರಿಗೆ ಟೇಬಲ್ ಫ್ಯಾನ್. ಹೊರಗೆ 33 ಡಿಗ್ರಿ ಇದ್ದಾಗ ಡಿಶ್‌ನಲ್ಲಿ 28ರ ಆಸುಪಾಸು. ಮೂರನೇ ದಿನ, ಕೆಲವೊಮ್ಮೆ ನಾಲ್ಕನೇ ದಿನ, ಬೆಳಿಗ್ಗೆ ಮತ್ತೆ ಹೊಸ ನೀರು ಹಾಕಿ ಬೆಳಕಿಗೆ ಇಟ್ಟರೆ ಬಿಡುಗಡೆ. ಹಿಂದಿನ ರಾತ್ರಿ ನಾನು ಮಾಡುವ ಒಂದು ಕೆಲಸ ಇದೆ, ಅದನ್ನು ಸದ್ಯ ಇಲ್ಲಿ ಬರೆಯುವುದಿಲ್ಲ.

ದಿನವೂ ಒಂದು ಚುಕ್ಕೆ ತೆಗೆದು ನೋಡಿ, ಇಡೀ ಪಾಠ ಅಲ್ಲೇ ಇದೆ. ಮೊದಲ ದಿನ ಒಂದೊಂದು ಕೋಶದಲ್ಲೂ ಒಂದೇ ಕ್ಲೋರೋಪ್ಲಾಸ್ಟ್, ಅಯೋಡಿನ್ ಹಾಕಿದರೆ ಅದರೊಳಗೆ ಸುತ್ತ ಪಿಷ್ಟ ಕೂಡಿರುವ ಪೈರಿನಾಯ್ಡ್ ಕಪ್ಪಾಗಿ ಎದ್ದು ಕಾಣುತ್ತದೆ. ಆಮೇಲೆ ಕೋಶದ ಒಳಗಿನದೆಲ್ಲ ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತಾ ಹೋಗುತ್ತದೆ, ಹುಲ್ಲು ಹಸಿರಿದ್ದ ಚುಕ್ಕೆ ಹಳದಿ ಮಿಶ್ರಿತ ಹಸಿರಿಗೆ ತಿರುಗುತ್ತದೆ. ಕೊನೆಗೆ ಕೋಶದ ಹೊರಗೋಡೆಯಲ್ಲಿ ಸಣ್ಣ ತೂತು. ಅಲ್ಲಿಂದ ಒಂದರ ಹಿಂದೆ ಒಂದು ಹೊರಗೆ ನುಗ್ಗುವುದನ್ನು 40 ಎಕ್ಸ್‌ನಲ್ಲಿ ನೋಡಿದ ದಿನ ನಾನು ಊಟಕ್ಕೇ ಏಳಲಿಲ್ಲ.

ಗ್ಯಾಮೀಟ್ ಬೆಳಕಿನ ಕಡೆ ಓಡುತ್ತದೆ. ಡಿಶ್‌ನ ಕಿಟಕಿ ಬದಿಯಲ್ಲಿ ಹಸಿರು ಗೆರೆ ಕಟ್ಟುತ್ತದೆ, ಅಲ್ಲಿಂದ ಡ್ರಾಪರ್‌ನಲ್ಲಿ ಎಳೆದರೆ ಶುದ್ಧ ಗ್ಯಾಮೀಟ್. ಗೆರೆ ಬೆಳಕಿಗೆ ವಿರುದ್ಧ ಬದಿಯಲ್ಲಿ ಕಟ್ಟಿದರೆ ನೀವು ತಂದದ್ದು ಗ್ಯಾಮೀಟಿನ ಬದಲು ಸ್ಪೋರ್ ಬಿಡುವ ಎಲೆ, ಸ್ಪೋರೋಫೈಟ್. ಈಜುವ ಬಾಲ ಅಂದರೆ ಫ್ಲಜೆಲ್ಲಾ ಎಣಿಸಿ, ನಾಲ್ಕು ಇರುತ್ತವೆ, ಗ್ಯಾಮೀಟಿಗೆ ಎರಡೇ. ಎಲೆ ನೋಡಿ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ ಅಲ್ವಾ, ಅದಕ್ಕೇ ಹತ್ತಾರು ಎಲೆಗಳನ್ನು ಬೇರೆ ಬೇರೆ ಡಿಶ್‌ನಲ್ಲಿ ಇಡಬೇಕು. ಒಂದೇ ಎಲೆಯ ಗ್ಯಾಮೀಟ್ ತಮ್ಮತಮ್ಮಲ್ಲಿ ಸೇರುವುದಿಲ್ಲ. ಎರಡು ಎಲೆಗಳ ಹನಿ ಬೆರೆಸಿ ನೋಡುತ್ತಾ ಹೋಗಿ. ಸರಿಯಾದ ಜೋಡಿ ಸಿಕ್ಕಿತೆಂದರೆ ಕೆಲವೇ ಸೆಕೆಂಡಿನಲ್ಲಿ ಗುಂಪು ಕಟ್ಟಿ, ಎರಡೆರಡಾಗಿ ಅಂಟಿ, ನಾಲ್ಕು ಫ್ಲಜೆಲ್ಲಾ, ಬೆಳಕು ಗುರುತಿಸುವ ಎರಡು ಕೆಂಪು ಕಣ್ಚುಕ್ಕೆ ಹೊತ್ತು ಬೆಳಕಿನಿಂದ ದೂರ ಈಜುತ್ತವೆ. ಆ ಎರಡು ಕಣ್ಚುಕ್ಕೆ ತೋರಿಸಿದ ಮೇಲೆ ಪರ್ಮನೆಂಟ್ ಸ್ಲೈಡಿನ ಮಾತು ಯಾರೂ ಎತ್ತಲಿಲ್ಲ.

ಮಧ್ಯೆ ಉದ್ಯಾವರ ಹೊಳೆಯ ಕಲ್ಲಿನಿಂದ ಕೊಳವೆಯಂಥ ಪಾಚಿ ತಂದೆ, ನಾವು ಎಂಟೆರೋಮಾರ್ಫಾ ಅಂತ ಕಲಿತದ್ದು, 2003ರಲ್ಲಿ ಉಲ್ವಾಕ್ಕೇ ಸೇರಿತು. ಅದು ಇನ್ನೂ ಸುಲಭ, ಸಪ್ಪೆ ನೀರಿಗೂ ಹೆದರುವುದಿಲ್ಲ. ಗದ್ದೆ ಹೊಂಡದ ಸಿಹಿನೀರಿನ ಪಾಚಿ ಕಾರಾವನ್ನೂ ಹಾರ್ಲಿಕ್ಸ್ ಬಾಟ್ಲಿಯಲ್ಲಿ ಬೆಳೆಸಿದೆ. ಅದರ ಗಂಡು ಅಂಗ, ಕಿತ್ತಳೆ ಬಣ್ಣದ ಗ್ಲಾಬ್ಯೂಲ್, ಬರಿಗಣ್ಣಿಗೇ ಕಾಣುತ್ತದೆ. ಸೂಜಿಯಲ್ಲಿ ಒತ್ತಿದರೆ ಅದರ ಹೊರಗೋಡೆಯ ಎಂಟು ಶೀಲ್ಡ್ ಕೋಶ ಬಿಡಿಸಿಕೊಳ್ಳುತ್ತವೆ, ಕೈ ಮಾತ್ರ ಹಗುರ ಇರಬೇಕು.

ಖರ್ಚು: ಸೆಕೆಂಡ್ ಹ್ಯಾಂಡ್ ಮೈಕ್ರೋಸ್ಕೋಪ್ 14 ಸಾವಿರ, ಎಲ್‌ಇಡಿ ಪಟ್ಟಿ, ಡಿಶ್, ಉಪ್ಪಿನಂಶ ನೋಡುವ ಸಾಧನ ಎಲ್ಲ ಸೇರಿ ನಾಲ್ಕೂವರೆ ಸಾವಿರ ಇರಬಹುದು. ವ್ಯರ್ಥವಾದದ್ದು ಅದರಷ್ಟೇ ಇನ್ನೊಂದು ಪಾಲು.

ಜೋಡಿ ಸಿಗದ ಗ್ಯಾಮೀಟುಗಳನ್ನು ನಾನು ಚೆಲ್ಲಲಿಲ್ಲ. ಅವು ಹಾಗೆಯೇ ಸ್ಲೈಡಿಗೆ ಅಂಟಿ ಮೊಳೆತಿವೆ, ಈಗ ಕಣ್ಣಿಗೆ ಕಾಣುವಷ್ಟು ಹಸಿರು ಎಳೆ. ಅವನ್ನು ಮಳೆಗಾಲ ದಾಟಿಸಬೇಕು. ಅದಕ್ಕೆ ಅಂತಲೇ ನೂರು ಲೀಟರಿನಷ್ಟು ಕಡಲ ನೀರನ್ನು ಡಿಸೆಂಬರಿನಲ್ಲೇ ಕಪ್ಪು ಕ್ಯಾನುಗಳಲ್ಲಿ ತುಂಬಿಸಿಟ್ಟಿದ್ದೇನೆ.