ಅತ್ತೆಯ ಕೈ ಹೋಗುವಲ್ಲಿ

ಮನೆ ಅಚ್ಚುಕಟ್ಟಾಗಿರಬೇಕು ಅನ್ನುವುದು ಯಾರಿಗೆ ಗೊತ್ತಿಲ್ಲ? ಆದರೆ ಅದಕ್ಕೆ ನಮ್ಮದೇ ಒಂದು ಕಾರಣ ಬೇಕು. ಪಂಚಮಿಗೆ ನಾದಿನಿಯರು ಬರುತ್ತಾರೆಂದು ಹಸನು ಮಾಡಿದ ಮನೆ, ಅವರು ಉಂಡಿ ಕಟ್ಟಿಕೊಂಡು ಹೊರಡುವಷ್ಟರಲ್ಲಿ ಮತ್ತೆ ಮೊದಲಿನಂತೆಯೇ. ನನಗೆ ಗಟ್ಟಿ ಕಾರಣ ಸಿಕ್ಕಿದ್ದು ನಮ್ಮ ಅತ್ತೆಯಿಂದ.

ಅತ್ತೆಗೆ ಗ್ಲಾಕೋಮಾ. ಕಣ್ಣಿನ ನರ ಸವೆಯುವ ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ಅಂಚಿನ ನೋಟ. ಹೋದದ್ದು ಮರಳಿ ಬರುವುದಿಲ್ಲ. ಎದುರಿನವರ ಮುಖ ಕಾಣುತ್ತದೆ, ಕಾಲ ಬದಿಯ ಕೊಡ ಕಾಣುವುದಿಲ್ಲ. ನಮ್ಮದು ಹಳೇ ಹುಬ್ಬಳ್ಳಿ. ನಮ್ಮ ಓಣಿಗೆ ಮಲಪ್ರಭೆಯ ನೀರು ದಿನಾ ಬರುವುದಿಲ್ಲ. ಬಂದ ದಿನ ಪಡಸಾಲೆಯಿಂದ ಹಿತ್ತಲವರೆಗೆ ತುಂಬಿದ ಕೊಡ, ಬಕೆಟ್ಟುಗಳ ಸಾಲು. ಅದರ ನಡುವೆ ಅತ್ತೆ ಗೋಡೆ ಹಿಡಿದು ಹೆಜ್ಜೆ ಇಡುತ್ತಿದ್ದರು. ಒಂದು ದಿನ, "ವಾಟಗಾ ನೀರಿಗೂ ನಿನ್ನ ಕರೀಬೇಕಾತಲ್ಲವಾ" ಅಂದರು. 40 ವರ್ಷಕ್ಕೂ ಹೆಚ್ಚು ಈ ಅಡುಗೆಮನೆ ನಡೆಸಿದವರು! ಅವರು ಯಾರನ್ನೂ ಕರೆಯದೆ ಓಡಾಡುವಂತಾಗಬೇಕು ಅಂತ ಅಂದೇ ಗಟ್ಟಿ ಮಾಡಿಕೊಂಡೆ.

ಮೊದಲು ದಾರಿ. ಅವರು ಹಿಡಿದು ನಡೆಯುವ ಗೋಡೆಯ ಬದಿ ಪೂರ್ತಿ ಖಾಲಿ. ಕೊಡಗಳೆಲ್ಲ ಎದುರು ಬದಿಗೆ, ಚಪ್ಪಲಿ ಬಾಗಿಲ ಹೊರಗೆ. ಆಮೇಲೆ ಕೆಲವು ದಿನ ಅವರ ಕೈ ಎತ್ತ ಹೋಗುತ್ತದೆ ಎಂದಷ್ಟೇ ಗಮನಿಸಿದೆ. ರೊಟ್ಟಿ ಬುಟ್ಟಿ, ಶೇಂಗಾ ಹಿಂಡಿ, ಮೊಸರಿನ ಗಡಿಗೆ, ಕುಡಿಯುವ ನೀರು ಅವರ ಸೊಂಟದಿಂದ ಭುಜದೊಳಗಿನ ಎತ್ತರಕ್ಕೆ ಬಂದವು. ಮದುವೆಯಲ್ಲಿ ಬಂದ ಹಿತ್ತಾಳೆ ಪಾತ್ರೆಗಳು ಅಟ್ಟಕ್ಕೇರಿದವು. ಯಾರಿಗಾದರೂ ಕೊಟ್ಟುಬಿಡೋಣ ಅಂದರೆ ಅತ್ತೆ ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಹಳೆಯ ಸಾಮಾನಿನ ಮೇಲೆ ಹಿರಿಯರಿಗೂ ಹಕ್ಕಿದೆ.

ಉಪ್ಪು, ಸಕ್ಕರೆಗೆ ಒಂದೇ ಅಳತೆಯ ಸ್ಟೀಲ್ ಡಬ್ಬಿಗಳಿದ್ದವು. ಸಕ್ಕರೆ ಡಬ್ಬಿಗೆ ದಪ್ಪ ರಬ್ಬರ್ ಬ್ಯಾಂಡ್ ಸುತ್ತಿದೆ, ಕೈಗೇ ಗುರುತು ಹತ್ತುತ್ತದೆ. ಸ್ಟೀಲ್ ತಾಟಿನಲ್ಲಿ ಮೊಸರನ್ನ ಸರಿಯಾಗಿ ಕಾಣುತ್ತಿರಲಿಲ್ಲ, ಕಡುನೀಲಿ ತಾಟು ತಂದೆ. ಕಣ್ಣಿನ ಹನಿಯ ಬಾಟಲಿಗೆ ದೇವರ ಜಗಲಿಯ ಪಕ್ಕದ ಗೂಡು. ಅದನ್ನು ತೆರೆದ 4 ವಾರಕ್ಕೆ ಬದಲಿಸಬೇಕು, ಹಾಗಾಗಿ ತೆರೆದ ತಾರೀಖನ್ನು ಅದರ ಮೇಲೇ ಬರೆಯುತ್ತೇನೆ.

ಎಲ್ಲಕ್ಕಿಂತ ಕಷ್ಟದ್ದು, ತೆಗೆದದ್ದನ್ನು ಎಲ್ಲರೂ ಮತ್ತೆ ಅದರದರ ಜಾಗದಲ್ಲೇ ಇಡುವುದು. ಮೊದಲೆಲ್ಲ ಎಷ್ಟು ಹೇಳಿದರೂ ಮಕ್ಕಳ ಕಿವಿಗೆ ಬೀಳುತ್ತಿರಲಿಲ್ಲ. "ಶಾಲೆ ಚೀಲ ಇಲ್ಲಿದ್ದರೆ ಅಜ್ಜಿ ಎಡವುತ್ತಾರೆ" ಅಂದ ಮೇಲೆ ಒಬ್ಬರಿಗೊಬ್ಬರು ಅವರೇ ನೆನಪು ಮಾಡುತ್ತಾರೆ. ನನಗೂ ಅಷ್ಟೇ. ರಾತ್ರಿ ಎಷ್ಟೇ ದಣಿದಿದ್ದರೂ, ಅತ್ತೆ ನಸುಕಿನಲ್ಲಿ ಏಳುತ್ತಾರೆ ಅನ್ನುವ ನೆನಪು ಬಂದರೆ ಎದ್ದು ಒಂದು ಸುತ್ತು ಹಾಕಿ ಬರುತ್ತೇನೆ.

ಈಗ ಮಧ್ಯಾಹ್ನ ರೊಟ್ಟಿ, ಹಿಂಡಿ, ಮೊಸರು ತಾವೇ ಬಡಿಸಿಕೊಂಡು ಉಣ್ಣುತ್ತಾರೆ. ನೀರು ಬರುವ ದಿನವೊಂದು ಮಾತ್ರ ಇನ್ನೂ ತೊಡಕು. ಆ ಹೊತ್ತಿಗೆ ಅವರನ್ನು ಕಟ್ಟೆಯ ಮೇಲೆ ಕೂಡಿಸಿ ಮೆಂತ್ಯ ಸೊಪ್ಪು ಸೋಸಲು ಕೊಡುತ್ತೇನೆ. ಕೊಡಗಳೆಲ್ಲ ತಮ್ಮ ಬದಿಗೆ ಸೇರಿ ನೆಲ ಒರೆಸಿದ ಮೇಲೆ ಒಳಗೆ ಕರೆಯುತ್ತೇನೆ.