ಇಂಗ್ಲೆಂಡಿನ ಒಂದು ವರ್ಷದ ಓದಿಗೆ ಹಣ ಹೊಂದಿಸುವ ಬಗೆ

ಅಪ್ಪಯ್ಯನಿಗೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಎರಡೂವರೆ ಎಕರೆ ಅಡಿಕೆ ತೋಟವಿದೆ. 2024ರ ಸೆಪ್ಟೆಂಬರ್‌ನಲ್ಲಿ ನಾನು ಮ್ಯಾನೇಜ್‌ಮೆಂಟ್ ಎಂ.ಎಸ್ಸಿ. ಓದಲು ಲೀಡ್ಸ್‌ಗೆ ಹೋದೆ. ಊರಿನಿಂದ ಫೋನ್ ಮಾಡುವವರೆಲ್ಲ ಮೊದಲು ಕೇಳುವುದು, ಒಟ್ಟು ಎಷ್ಟಾಯಿತು ಎಂದು. ಅದನ್ನು ಹೇಳುತ್ತೇನೆ. ಆದರೆ ನಮ್ಮ ಮನೆಯಲ್ಲಿ ನಿದ್ದೆ ಕೆಡಿಸಿದ್ದು ತಾರೀಖುಗಳು. ಸಾಲ ಸಿಗುತ್ತದೆ ಎಂದು ಗೊತ್ತಿದ್ದೂ ನಾಳೆ ಕಟ್ಟಬೇಕಾದ ಹಣ ಕೈಯಲ್ಲಿಲ್ಲದ ಸ್ಥಿತಿ ನಮಗೆ ಮೂರು ಸಲ ಬಂತು. ಹಾಗಾಗಿ ಗೋಡೆಯ ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ಲೆಕ್ಕ ಹಾಕಿ.

ನನ್ನ ಶುಲ್ಕ 31,500 ಪೌಂಡ್. ವಿಶ್ವವಿದ್ಯಾಲಯ ಅದರಲ್ಲಿ 4,500 ಬಿಟ್ಟಿತು. ವೀಸಾಕ್ಕಾಗಿ ತೋರಿಸಬೇಕಾದ ಜೀವನ ವೆಚ್ಚ ಆಗ ಲಂಡನ್ನಿನ ಹೊರಗೆ ತಿಂಗಳಿಗೆ 1,023 ಪೌಂಡ್, ಒಂಬತ್ತು ತಿಂಗಳಿಗೆ 9,207. 2025ರ ನವೆಂಬರ್‌ನಿಂದ ಅದು ತಿಂಗಳಿಗೆ 1,171 ಆಗಿದೆ, ಲಂಡನ್ನಿನಲ್ಲಾದರೆ 1,529. ಆರೋಗ್ಯ ಸೇವೆಯ ಶುಲ್ಕ ವರ್ಷಕ್ಕೆ 776 ಪೌಂಡ್. ಓದು ಒಂದೇ ವರ್ಷದ್ದಾದರೂ ವೀಸಾ ಅದಕ್ಕಿಂತ ನಾಲ್ಕು ತಿಂಗಳು ಹೆಚ್ಚು ಇರುವುದರಿಂದ ಒಂದೂವರೆ ವರ್ಷದ್ದು, 1,164 ಪೌಂಡ್ ಕಟ್ಟಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ವೀಸಾ ಶುಲ್ಕ, ವಿಮಾನದ ಟಿಕೆಟ್ ಎಲ್ಲ ಸೇರಿ, ಪೌಂಡಿಗೆ 108 ರೂಪಾಯಿ ಹಿಡಿದು, ಸುಮಾರು 41.5 ಲಕ್ಷ ರೂಪಾಯಿ.

ರಾಷ್ಟ್ರೀಕೃತ ಬ್ಯಾಂಕಿನಲ್ಲಿ 35 ಲಕ್ಷ ಕೇಳಿದೆವು. ವಿದೇಶದ ಓದಿಗೆ ಸಾಮಾನ್ಯವಾಗಿ ಒಟ್ಟು ಖರ್ಚಿನ ಶೇ 15ರಷ್ಟನ್ನು ನಾವೇ ಹಾಕಬೇಕು, ಅದಕ್ಕೆ ಮಾರ್ಜಿನ್ ಹಣ ಎನ್ನುತ್ತಾರೆ. ಅಡಮಾನಕ್ಕೆ ತೋಟ ಕೊಡುತ್ತೇವೆ ಎಂದು ಅಪ್ಪಯ್ಯ ಪಹಣಿ ಹಿಡಿದುಕೊಂಡು ಹೋದರು. ಕೃಷಿ ಭೂಮಿ ಆಗುವುದಿಲ್ಲ ಎಂದರು. ಊರಿನ ಮನೆ ಇನ್ನೂ ಅಜ್ಜನ ಹೆಸರಿನಲ್ಲೇ ಇತ್ತು. ಕೊನೆಗೆ ಕೈ ಹಿಡಿದದ್ದು ಶಿವಮೊಗ್ಗದಲ್ಲಿರುವ ಚಿಕ್ಕಪ್ಪನ ಮನೆ. ಅದಕ್ಕೂ ಕ್ರಯಪತ್ರ, ಇ-ಖಾತೆ, ಕಂದಾಯ ರಸೀದಿ, 30 ವರ್ಷಗಳ ಋಣಭಾರ ಪ್ರಮಾಣಪತ್ರ (ಇ.ಸಿ.), ಮಂಜೂರಾದ ನಕ್ಷೆ ಎಲ್ಲ ಬೇಕಾಯಿತು. ಚಿಕ್ಕಪ್ಪನಿಗೆ ಮನೆ ಮಾರಿದವರ ಹಿಂದಿನ ಕ್ರಯಪತ್ರದ ಮೂಲ ಪ್ರತಿ ಕಳೆದುಹೋಗಿತ್ತು. ಉಪನೋಂದಣಿ ಕಚೇರಿಯಿಂದ ದೃಢೀಕೃತ ನಕಲು ತಂದು, ಬ್ಯಾಂಕಿನ ವಕೀಲರಿಂದ ಕಾನೂನು ಅಭಿಪ್ರಾಯ ಬರುವ ಹೊತ್ತಿಗೆ ಐದು ವಾರ ಕಳೆದಿತ್ತು. ನನ್ನ ಮಾತು ಕೇಳಿ: ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವ ವಾರವೇ ಮನೆಯ ಕಾಗದಪತ್ರಗಳನ್ನು ಹೊರಗೆ ತೆಗೆದು, ಒಬ್ಬ ವಕೀಲರಿಗೆ ತೋರಿಸಿ. ಪ್ರವೇಶ ಸಿಕ್ಕ ಮೇಲೆ ಖಾತೆ ಬದಲಾವಣೆಗೆ ಓಡಾಡುವುದರಲ್ಲಿ ಮಳೆಗಾಲವೇ ಮುಗಿದುಹೋಗುತ್ತದೆ.

ರೈತರ ಮನೆಗಳಲ್ಲಿ ಆದಾಯ ತೆರಿಗೆಯ ಲೆಕ್ಕಪತ್ರ ಇರುವುದಿಲ್ಲ. ನಾವು ಅಡಿಕೆ ಮಾರಾಟದ ಸಹಕಾರ ಸಂಘವಾದ ಮ್ಯಾಮ್ಕೋಸ್‌ನಲ್ಲಿ ಅಡಿಕೆ ಮಾರಿದ ಮೂರು ವರ್ಷಗಳ ಬಿಲ್ಲು ಮತ್ತು ಪಾಸ್‌ಬುಕ್ ಕೊಟ್ಟೆವು; ಜೊತೆಗೆ ಸಂಬಳದ ಕೆಲಸದಲ್ಲಿರುವ ಅಣ್ಣ ಸಹಸಾಲಗಾರನಾಗಿ ಸಹಿ ಹಾಕಿದ.

ಸಾಲ ಮಂಜೂರಾಗುವ ಮೊದಲೇ, ಜೂನ್‌ನಲ್ಲಿ, ವಿಶ್ವವಿದ್ಯಾಲಯಕ್ಕೆ 4,000 ಪೌಂಡ್ ಠೇವಣಿ ಕಟ್ಟಬೇಕಾಗಿತ್ತು. ಅದಕ್ಕೆ ಅಮ್ಮ ಅವಲಕ್ಕಿ ಸರ ಅಡವಿಟ್ಟರು. ಹಾಗೆ ಕಟ್ಟಿದ ಹಣದ ರಸೀದಿಯನ್ನು ಜೋಪಾನವಾಗಿಡಿ. ನಮ್ಮ ಬ್ಯಾಂಕು ಅದನ್ನೇ ಮಾರ್ಜಿನ್ ಹಣದ ಲೆಕ್ಕಕ್ಕೆ ಹಿಡಿಯಿತು. ಇಲ್ಲದಿದ್ದರೆ ಇನ್ನೂ ನಾಲ್ಕು ಲಕ್ಷ ಹುಡುಕಬೇಕಾಗುತ್ತಿತ್ತು.

ವೀಸಾಕ್ಕೆ ಶಿಕ್ಷಣ ಸಾಲದ ಮಂಜೂರಾತಿ ಪತ್ರ ಸಾಕು, ಅದು ಆರು ತಿಂಗಳಿಗಿಂತ ಹಳೆಯದಾಗಿರಬಾರದು ಅಷ್ಟೇ. ಸ್ವಂತ ಹಣವಾದರೆ ಒಂದು ದಿನವೂ ಕಡಿಮೆಯಾಗದಂತೆ ಸತತ 28 ದಿನ ಖಾತೆಯಲ್ಲಿರಬೇಕು. ನಾವು ಸ್ವಂತದ 2.3 ಲಕ್ಷವನ್ನು ಅಪ್ಪಯ್ಯನ ಖಾತೆಯಲ್ಲಿ ಇಟ್ಟಿದ್ದೆವು. ತಂದೆ ತಾಯಿಯ ಖಾತೆಯೂ ನಡೆಯುತ್ತದೆ, ಆದರೆ ಒಪ್ಪಿಗೆ ಪತ್ರ ಮತ್ತು ಜನನ ಪ್ರಮಾಣಪತ್ರ ಬೇಕು. ನನ್ನ ಜನನ ಪ್ರಮಾಣಪತ್ರ ಪೂರ್ತಿ ಕನ್ನಡದಲ್ಲಿತ್ತು, ಅದರಲ್ಲಿ ಅಪ್ಪಯ್ಯನ ಹೆಸರಿಗೆ ಇನಿಷಿಯಲ್ ಇರಲಿಲ್ಲ, ಪಾಸ್‌ಬುಕ್ಕಿನಲ್ಲಿ ಎರಡು ಇನಿಷಿಯಲ್ ಇದ್ದವು. ನಮ್ಮ ಕಡೆ ಹತ್ತರಲ್ಲಿ ಎಂಟು ಮನೆಗಳ ಕಥೆ ಇದೇ. ಹಣವನ್ನು ನನ್ನ ಖಾತೆಗೆ ಹಾಕಿಸಿಕೊಂಡು ಮತ್ತೆ 28 ದಿನ ಎಣಿಸುತ್ತ ಕೂತೆ. ಮೊದಲೇ ವಿದ್ಯಾರ್ಥಿಯ ಖಾತೆಗೇ ಹಾಕಿದರೆ ಈ ಗೋಳಿಲ್ಲ.

ಸಾಲದ ಹಣ ಒಟ್ಟಿಗೆ ಬರುವುದಿಲ್ಲ. ಶುಲ್ಕದ ಕಂತು ನೇರವಾಗಿ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಲೀಡ್ಸ್‌ನಲ್ಲಿ ಕೊಠಡಿಯ ಮಾಲೀಕರು, ಅಲ್ಲಿ ಜಾಮೀನುದಾರರಿಲ್ಲ ಎಂಬ ಕಾರಣಕ್ಕೆ, ನನ್ನಿಂದ ಆರು ತಿಂಗಳ ಬಾಡಿಗೆ ಮುಂಗಡ ಕೇಳಿದರು: 3,300 ಪೌಂಡ್. ಜೊತೆಗಿದ್ದ ಕುಂದಾಪುರದ ಗೆಳತಿ ಸಾಲ ಕೊಡದಿದ್ದರೆ ಬೀದಿಯಲ್ಲಿರುತ್ತಿದ್ದೆ. ಹೊರಡುವ ಮೊದಲೇ ಬಾಡಿಗೆಯ ಬಗ್ಗೆ ಬರಹದಲ್ಲಿ ಕೇಳಿ, ಮೊದಲ ಕಂತಿನಲ್ಲೇ ಅದನ್ನು ಸೇರಿಸುವಂತೆ ಬ್ಯಾಂಕಿಗೆ ಪತ್ರ ಕೊಡಿ. ರೂಪಾಯಿ ಇಳಿಯುವುದಕ್ಕೂ ಸ್ವಲ್ಪ ಮೀಸಲಿಡಿ. ನಾನು ಲೆಕ್ಕ ಹಾಕುವಾಗ 108 ಹಿಡಿದಿದ್ದ ಪೌಂಡು, ಕೊನೆಯ ಕಂತು ಕಟ್ಟುವ 2025ರ ಮೇ ಹೊತ್ತಿಗೆ 114ರ ಆಸುಪಾಸಿನಲ್ಲಿತ್ತು. ವಿದೇಶಕ್ಕೆ ಹಣ ಕಳುಹಿಸುವಾಗ ಹಿಡಿಯುವ ಟಿಸಿಎಸ್ ತೆರಿಗೆ ಮಾತ್ರ ಈಗ ಹಗುರಾಗಿದೆ: 2025ರ ಏಪ್ರಿಲ್‌ನಿಂದ ಬ್ಯಾಂಕಿನ ಶಿಕ್ಷಣ ಸಾಲದ ಹಣಕ್ಕೆ ಅದು ಇಲ್ಲ, ಸ್ವಂತ ಹಣಕ್ಕೂ ವರ್ಷಕ್ಕೆ 10 ಲಕ್ಷದವರೆಗೆ ಇಲ್ಲ.

ಓದುವಾಗ ಕಂತು ಇಲ್ಲ, ಬಡ್ಡಿ ಮಾತ್ರ ಏರುತ್ತಿರುತ್ತದೆ. ಶೇ 10ರಂತೆ, ನನ್ನ ಓದು ಮತ್ತು ನಂತರದ ಆರು ತಿಂಗಳ ಬಡ್ಡಿ ಸುಮಾರು 4.5 ಲಕ್ಷ. ಅದು ಅಸಲಿಗೆ ಸೇರಿದ್ದರೆ 15 ವರ್ಷಗಳ ಮಾಸಿಕ ಕಂತು ಸುಮಾರು 42,400 ರೂಪಾಯಿ ಆಗುತ್ತಿತ್ತು. ಅಪ್ಪಯ್ಯ ಅಡಿಕೆ ಮಾರಿದಾಗಲೆಲ್ಲ ಬಡ್ಡಿ ತುಂಬಿದ್ದರಿಂದ 37,600ಕ್ಕೆ ನಿಂತಿದೆ.

ವಿದ್ಯಾರ್ಥಿವೇತನಕ್ಕೆ ಒಂದು ವರ್ಷ ಮೊದಲೇ ಕೂರಬೇಕು. ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ 2,800 ಗಂಟೆಗಳ ಕೆಲಸದ ಅನುಭವ ಬೇಕು, ಓದು ಮುಗಿಸಿ ಎರಡು ವರ್ಷ ಸ್ವದೇಶದಲ್ಲಿರಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರು ರಾಜ್ಯದ ಪ್ರಬುದ್ಧ ಯೋಜನೆಯನ್ನು ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಲೇಬೇಕು.

ಅರೆಕಾಲಿಕ ಕೆಲಸ ತರಗತಿಗಳ ಅವಧಿಯಲ್ಲಿ ವಾರಕ್ಕೆ 20 ಗಂಟೆಗೆ ಮಾತ್ರ. ಆಗ ಕನಿಷ್ಠ ವೇತನ ಗಂಟೆಗೆ 11.44 ಪೌಂಡ್. ಬಾಡಿಗೆ, ಊಟಕ್ಕೆ ಆಗುತ್ತದೆ. ಶುಲ್ಕಕ್ಕೆ ಆಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ಸಂಬಳದಲ್ಲೇ ವಾರಕ್ಕೆ 60 ಪೌಂಡ್ ಬೇರೆ ಖಾತೆಗೆ ಹಾಕುತ್ತ ಬನ್ನಿ. ಏಕೆಂದರೆ ಸಾಲದ ಹಣವೆಲ್ಲ ಮುಗಿದು, ಕೆಲಸ ಇನ್ನೂ ಸಿಗದ ಹೊತ್ತಿನಲ್ಲಿ ಅಲ್ಲೇ ಉಳಿಯುವ ಗ್ರಾಜುಯೇಟ್ ವೀಸಾಕ್ಕೆ ಅರ್ಜಿ ಹಾಕಬೇಕು. ನಾನು ಕಟ್ಟಿದ್ದು 880 ಪೌಂಡ್ ಶುಲ್ಕ, ಎರಡು ವರ್ಷದ ಆರೋಗ್ಯ ಸೇವೆಗೆ 2,070, ಒಟ್ಟು 2,950, ಒಂದೇ ಸಲಕ್ಕೆ. 2027ರ ಜನವರಿಯಿಂದ ಅರ್ಜಿ ಹಾಕುವ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಈ ವೀಸಾ ಎರಡು ವರ್ಷದ ಬದಲು 18 ತಿಂಗಳಿಗೆ ಇಳಿಯುತ್ತದೆ. ಕೆಲಸ ಹುಡುಕುವುದನ್ನು ಓದಿನ ಮೊದಲ ಚಳಿಗಾಲದಲ್ಲೇ ಶುರುಮಾಡಿ.